ಕಪ್ಪಾದ ಪರದೆ ಮತ್ತು ಸಾವಿರ ಕೈಗಳ ಮೃಗ

ಬಹಳ ಕಾಲದ ಹಿಂದೆ, ಎಂದೂ ಮಂಜು ಕರಗದ ಸರೋವರದ ದಡದಲ್ಲಿ ಮಬ್ಬಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಗೋಪುರವೇ ಒಂದು ಕಂಪ್ಯೂಟರ್, ಯುನಿಕ್ಸ್ ಎಂಬ ಹಳೆಯ ಕುಲದ್ದು. ಅದರ ನೆತ್ತಿಯ ಪರದೆಯಲ್ಲಿ ಬಂಡೆಯೆಲ್ಲಿ, ದಾರಿಯೆಲ್ಲಿ ಎಂಬ ಚಿತ್ರ ಬೆಳಗುತ್ತಿತ್ತು. ದೋಣಿಗಳು ಅದನ್ನೇ ನೋಡಿ ಸಾಗುತ್ತಿದ್ದವು. ಚಿತ್ರ ಬರೆಯುತ್ತಿದ್ದುದು ಗೋಪುರದ ತಳದಲ್ಲಿದ್ದ ಸಾವಿರ ಕೈಗಳ ಮೃಗ. ಅದಕ್ಕೆ ಮನುಷ್ಯರ ಮಾತು ತಿಳಿಯದು. ತಿಳಿಸಿ ಹೇಳಲು ಡ್ರೈವರ್ ಎಂಬ ಹಿತ್ತಾಳೆಯ ಗೊಂಬೆಯಿತ್ತು. ಮಾಡಿದವನು ಮಾಂತ್ರಿಕ ಕರಾಳಕ. ಗೊಂಬೆಯೊಳಗೆ ಏನಿದೆಯೆಂದು ಅವನು ಯಾರಿಗೂ ತೋರಿಸಿರಲಿಲ್ಲ.

ಒಂದು ಸಂಜೆ ಪರದೆ ಕಪ್ಪಾಯಿತು. ಸರೋವರದ ಕಡೆಯಿಂದ ಮರ ಮುರಿದ ಸದ್ದು ಬಂತು, ಆಮೇಲೆ ಚೀತ್ಕಾರ. ನೇಕಾರರ ಹೆಣ್ಣು ನೀಲಾಂಬಿಯ ಅಕ್ಕ ಆ ಮಂಜಿನೊಳಗೆ ದೋಣಿಯಲ್ಲಿದ್ದಳು.

"ಸಿಂಹಾಸನ ಕೊಡಿ, ಗೊಂಬೆಯನ್ನು ಸರಿಮಾಡುತ್ತೇನೆ," ಎಂದು ಕರಾಳಕ ನಕ್ಕ. ಬೇರೆ ದಾರಿ ಕಾಣದೆ ರಾಜ ಕಿರೀಟ ಕಳಚಲು ಕೈಯೆತ್ತಿದ. ನೀಲಾಂಬಿ ಗೋಪುರದ ಮೆಟ್ಟಿಲಿಳಿದು ಮೃಗವಿದ್ದ ತಳದ ಕಡೆಗೆ ಓಡಿದಳು.

ಮೊದಲ ಬಾಗಿಲಲ್ಲಿ ಕಣ್ಣಿಲ್ಲದ ಮುದುಕಿಯೊಬ್ಬಳು ಖಾಲಿ ಕಿಟಕಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು.

"ಅಜ್ಜಿ, ಪರದೆ ಯಾಕೆ ಕಪ್ಪಾಯಿತು?"

"ನಾನು ಕಿಟಕಿ ಜೋಡಿಸುವವಳು ಮಗಳೇ, ಚಿತ್ರ ತುಂಬುವವಳಲ್ಲ. ಕೆಳಗೆ ಹೋಗು. ಕಿಟಕಿ ಮುಟ್ಟಿದರೆ ಒಳಗೇ ಉಳಿಯುತ್ತೀ."

ಉಸಿರು ಬಿಗಿಹಿಡಿದು ನೀಲಾಂಬಿ ನಡುವೆ ನುಸುಳಿದಳು.

ಎರಡನೆಯ ಬಾಗಿಲಲ್ಲಿ ಗೊಂಬೆ ಬಿದ್ದಿತ್ತು. ಬಾಯಿ ಆಡುತ್ತಿತ್ತು, ದನಿಯಿಲ್ಲ. ಅದು ಅವಳ ಕಾಲನ್ನು ಗಬಕ್ಕನೆ ಹಿಡಿಯಿತು. ಚರ್ಮ ಕಿತ್ತುಬಂದರೂ ಬಿಡಿಸಿಕೊಂಡಳು.

ಮೂರನೆಯ ಬಾಗಿಲನ್ನು ಕಂಪ್ಯೂಟರಿನ ತಿರುಳಾದ ಕರ್ನಲ್ ಎಂಬ ಕಾವಲುಗಾರ ಕಾಯುತ್ತಿದ್ದ.

"ಈ ಬಾಗಿಲನ್ನು ಇಂದು ಹೊಸದಾಗಿ ಕಟ್ಟಿದರು," ಎಂದ. "ಗೊಂಬೆಗೆ ಹಳೆಯ ಬಾಗಿಲಿನ ರೀತಿ ಮಾತ್ರ ಗೊತ್ತು. ಅದನ್ನು ಒಳಗೆ ಬಿಡಲಾರೆ. ಮೃಗಕ್ಕೆ ಏನು ಹೇಳುವುದಿದ್ದರೂ ನನ್ನ ಮೂಲಕವೇ, ನಾನು ಹೇಳಿದ ರೀತಿಯಲ್ಲೇ."

"ಹಾಗಾದರೆ ನಾನೇ ಮೃಗದ ಮಾತು ಕಲಿಯುತ್ತೇನೆ, ಅಯ್ಯಾ."

"ಮಾತು ತಪ್ಪಿದರೆ ಮೃಗ ಕಲ್ಲಾಗುತ್ತದೆ. ನಾನು ಎಬ್ಬಿಸಬಲ್ಲೆ. ಆದರೆ ಎದ್ದಾಗ ಅದಕ್ಕೆ ಯಾರ ಗುರುತೂ ಇರದು."

ಬಾಗಿಲು ತೆರೆಯಿತು. ಕತ್ತಲಲ್ಲಿ ಬಿಸಿಯುಸಿರು ಅವಳ ಮುಖಕ್ಕೆ ಬಡಿಯಿತು. ಅವಳೊಂದು ಸ್ವರ ಹೊರಡಿಸಿದಳು. ಮೃಗದ ಒಂದು ಕೈ ಕತ್ತಲಲ್ಲಿ ಕೆಂಪು ಚುಕ್ಕೆಯಿಟ್ಟಿತು. ಇನ್ನೊಂದು ಸ್ವರಕ್ಕೆ ಗೆರೆ ಎಳೆಯಿತು. ಮುಂದಿನ ಸ್ವರಕ್ಕೆ ಮೃಗ ಕಲ್ಲಾಯಿತು. ಕಾವಲುಗಾರ ಎಬ್ಬಿಸಿದ. ಎದ್ದ ಮೃಗ ಅವಳ ಹೆಗಲು ಸೀಳಿತು.

ಮೇಲಿನಿಂದ ಮತ್ತೊಂದು ಚೀತ್ಕಾರ ಕೇಳಿತು. ಅಕ್ಕನದಿರಬಹುದೇ?  ನೀಲಾಂಬಿ ಬಾಯಿ ತೆರೆದಳು. ಮತ್ತೆ ಕಲ್ಲು, ಮತ್ತೆ ಪಂಜ. ಮತ್ತೆ ಬಾಯಿ ತೆರೆದಳು. ಕೊನೆಗೆ ಸ್ವರಗಳೆಲ್ಲ ಸರಿಗೂಡಿ, ಸಾವಿರ ಕೈಗಳೂ ಒಟ್ಟಿಗೆ ಎದ್ದವು. ಪರದೆಯ ಮೇಲೆ ಬಂಡೆಗಳು ಮೂಡಿದವು, ದಾರಿ ಮೂಡಿತು.

ಕರಾಳಕ ಅವಳ ಕುತ್ತಿಗೆ ಹಿಸುಕಲು ಮೆಟ್ಟಿಲಿಳಿದು ಬಂದ. ಅಷ್ಟರಲ್ಲಿ ಅವಳು ಮೃಗದ ಮಾತುಗಳನ್ನೆಲ್ಲ ಗೋಪುರ ಮೊಳಗುವಂತೆ ಕೂಗಿದ್ದಳು. ಹೊರಗೆ ನಿಂತ ಜನ ಅವನ್ನೇ ಮರಳಿ ಕೂಗುತ್ತಿದ್ದರು. ಅವನ ಬಲವೆಲ್ಲ ಗೊಂಬೆಯೊಳಗೆ ಮುಚ್ಚಿಟ್ಟ ಆ ಮಾತಿನ ಗುಟ್ಟಿನಲ್ಲಿತ್ತು. ಊರಿಗೆ ಊರೇ ಅದನ್ನು ನುಡಿದಾಗ ಮಾಂತ್ರಿಕ ಹೊಗೆಯಾಗಿ ಚದುರಿಹೋದ.

ಒಂದೊಂದಾಗಿ ದೋಣಿಗಳು ದಡ ಸೇರಿದವು. ಮುರಿದ ಹುಟ್ಟು ಹಿಡಿದ ಅಕ್ಕ ಇಳಿದು, ಮೈಯೆಲ್ಲ ರಕ್ತವಾಗಿದ್ದ ತಂಗಿಯನ್ನು ಬಾಚಿ ತಬ್ಬಿಕೊಂಡಳು.

ಆಮೇಲೆ ಬಾಗಿಲು ಹೊಸದಾದಾಗಲೆಲ್ಲ ಊರವರೇ ಕೂಡಿ ಮಾತನ್ನು ತಿದ್ದಿಕೊಂಡರು. ಮಬ್ಬಾವತಿಯ ಜನ ಹೆದರಿಕೆಯಿಲ್ಲದೆ ನೀರಿಗಿಳಿದು, ಮನೆಗೆ ಮರಳಿ, ಉಂಡುಟ್ಟು ಸುಖವಾಗಿ ಬಾಳಿದರು.