ಅವಳ ಹೆಸರಲ್ಲಿ ಹೋದ ಮೆಸೇಜು

"ಇದನ್ನ ಬರೆದವರು ಯಾರು?"

ಮೇಜಿನ ಮೇಲೆ ಮೊಬೈಲ್ ಕುಕ್ಕಿದ ಸದ್ದಿಗೇ ಚುಕ್ಕಿ ಬೆಚ್ಚಿಬಿದ್ದಳು. ಎದುರಿಗೆ ಎತ್ತರದ ಯುವಕ. ಶರ್ಟಿನ ಜೇಬಲ್ಲಿ ಪುಟಾಣಿ ಸ್ಕ್ರೂಡ್ರೈವರ್, ಕಣ್ಣಲ್ಲಿ ಕೆಂಡ.

ಗಲ್ಲದ ಮೇಲಿನ ಮಚ್ಚೆ ನೋಡಿ ಅಮ್ಮ ಇಟ್ಟ ಹೆಸರು ಚುಕ್ಕಿ. ಮೊಬೈಲಲ್ಲಿ ಚಿತ್ರಕಲೆ ಕಲಿಸುವ ಈ ಕಂಪನಿಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಅವಳು ಬಗ್ಗಿ ಪರದೆ ನೋಡಿದಳು.

'ನೀವಿಲ್ಲದೆ ಕ್ಲಾಸು ಬಿಕೋ ಅಂತಿದೆ. ನಿಮ್ಮ ಬಣ್ಣಗಳು ಕಾಯ್ತಾ ಇವೆ. ಯಾವಾಗ ವಾಪಸ್ ಬರ್ತೀರಿ? ಇಂತಿ ನಿಮ್ಮ ಚುಕ್ಕಿ.'

ತನ್ನದೇ ಸಾಲು! ಒಳಗೊಳಗೇ ಹೆಮ್ಮೆಯಾಯಿತು.

"ನಾನೇ ಬರೆದಿದ್ದು. ಯಾಕೆ ಸಾರ್, ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ಇದು ನನ್ನ ತಂಗಿ ಫೋನು. ಅವಳು ತೀರಿಕೊಂಡು ಎರಡು ತಿಂಗಳಾಯ್ತು."

ಚುಕ್ಕಿ ಮತ್ತೊಮ್ಮೆ ಪರದೆ ನೋಡಿದಳು.

ಅಲ್ಲಿ ಫೀಸು ನಿಂತ ಕೂಡಲೇ ಗ್ರಾಹಕರ ಖಾತೆ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದ್ದೇ ತಡ, ಸಾಫ್ಟ್‌ವೇರ್ ತಾನೇ ತಾನಾಗಿ ಮೆಸೇಜು ಕಳಿಸಲು ಶುರು ಮಾಡುತ್ತಿತ್ತು. ಮೊದಲು ಮೆತ್ತಗೆ, ಆಮೇಲೆ ಪ್ರೀತಿಯಿಂದ, ಕೊನೆಗೆ ಗೋಗರೆದು. ಅದನ್ನೆಲ್ಲ ಕೂತು ಕಟ್ಟಿದವಳು ಚುಕ್ಕಿ. "ಥೇಟ್ ಮನುಷ್ಯರೇ ಮಾತಾಡಿದ ಹಾಗಿದೆ!" ಅಂತ ಬಾಸ್ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದ್ದರು. ಖಾತೆ ಯಾಕೆ ಮುಚ್ಚಿತು ಅಂತ ಕೇಳೋದನ್ನ ಮಾತ್ರ ಅದಕ್ಕೆ ಯಾರೂ ಕಲಿಸಿರಲಿಲ್ಲ.

"ಫೋನು ಅಮ್ಮನ ಹತ್ರ ಇರತ್ತೆ," ಅಂದ ಅವನು. "ನೀವು ಕೇಳಿದಾಗೆಲ್ಲ ಅವರು ಉತ್ತರ ಬರೀತಾರೆ. 'ಮಲಗಿದ್ದಾಳೆ ಮಗಳೇ, ಎದ್ದ ಮೇಲೆ ಹೇಳ್ತೀನಿ' ಅಂತ. ಒಂದಾದ್ರೂ ಓದಿದ್ದೀರಾ?"

ಓದಿರಲಿಲ್ಲ. ಆ ಉತ್ತರಗಳನ್ನ ಓದುವುದು ಯಾರ ಕೆಲಸವೂ ಆಗಿರಲಿಲ್ಲ...

ಅವನ ಎದುರಿಗೇ ಆ ನಂಬರಿಗೆ ಮೆಸೇಜು ಹೋಗದ ಹಾಗೆ ಮಾಡಿದಳು. ಬೆರಳು ಎರಡು ಸಲ ತಪ್ಪಿತು.

"ಇನ್ನು ಬರಲ್ಲ. ನಾನು ಮಾತು ಕೊಡ್ತೀನಿ."

ಅವನು ಫೋನು ಎತ್ತಿಕೊಂಡು ಹೊರಟುಹೋದ.

ಮನಸ್ಸು ತಡೆಯಲಿಲ್ಲ. ವಿಚಾರಿಸಿಕೊಂಡು ಅವನ ಕನ್ನಡಕದ ಅಂಗಡಿಗೇ ಹೋದಳು, ತಾಯಿಯ ಹತ್ತಿರ ಕ್ಷಮೆ ಕೇಳೋಣ ಅಂತ. ಆಕೆ ಗಲ್ಲಾದ ಪಕ್ಕ ಕೂತು ಮೆತ್ತನೆ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದರು. "ಓ, ಚುಕ್ಕಿ ಅಂದ್ರೆ ನೀನೇನಾ? ಬಾ, ಕೂತ್ಕೋ," ಅಂದರಷ್ಟೇ. ಚುಕ್ಕಿ ಕ್ಷಮೆ ಕೇಳದೆಯೇ ಕೂತಳು.

ಒಂದು ಸಲ ಹೋದದ್ದು ವಾರಕ್ಕೊಂದು ಸಲ ಆಯಿತು. ಆಮೇಲೆ ನೆಪಕ್ಕೂ ಕಾಯಲಿಲ್ಲ.

"ಕಣ್ಣು ಕಿರಿದು ಮಾಡಿ ಓದ್ತೀರಲ್ಲ, ಪರೀಕ್ಷೆ ಮಾಡಿಸ್ಕೊಳ್ಳಿ," ಅಂದ ಒಂದು ದಿನ. ಹೊಸ ಕನ್ನಡಕ ತೊಡಿಸಿ ಕಡ್ಡಿ ಸರಿಪಡಿಸುವಾಗ ಅವನ ಬೆರಳು ಅವಳ ಕಿವಿಯ ಹಿಂದೆ ಒಂದು ಕ್ಷಣ ನಿಂತಿತು.

"ಈಗ ಹೇಗೆ ಕಾಣ್ತಿದೆ?"

"ನಾನು ಅಂದುಕೊಂಡಷ್ಟು ನೀವು ಸಿಡುಕರಲ್ಲ ಅಂತ ಕಾಣ್ತಿದೆ."

ಅವನು ನಕ್ಕ. 'ಅಯ್ಯೋ, ಈ ಮನುಷ್ಯನಿಗೆ ನಗೋಕೂ ಬರತ್ತೆ!' ಅಂದುಕೊಂಡಳು. ಆ ನಗು ಮನೆವರೆಗೂ ಅವಳ ಜೊತೆಗೇ ಬಂತು.

ಸುಖ ಅಷ್ಟಕ್ಕೇ ನಿಂತಿತು.

"ಹಳೇ ಗ್ರಾಹಕರಿಗೆಲ್ಲ ಇವತ್ತೇ ಮೆಸೇಜು ಹೋಗಲಿ. ಬೇಡ ಅಂದವರಿಗೂ," ಅಂದರು ಬಾಸ್.

"ಆಗಲ್ಲ ಸಾರ್. ಅದರಲ್ಲಿ ಸತ್ತವರೂ ಇದ್ದಾರೆ!"

"ಸತ್ತವರು ಕಂಪ್ಲೇಂಟ್ ಮಾಡಲ್ಲಮ್ಮ."

"ನಾನು ಕಳಿಸಲ್ಲ."

ವಾಪಸ್ ಬಂದು ಕೂತರೆ ಅವಳ ಕಂಪ್ಯೂಟರ್ ಅವಳನ್ನೇ ಒಳಗೆ ಬಿಡಲಿಲ್ಲ. ಅವಳೇ ಕಟ್ಟಿದ್ದ ಸಾಫ್ಟ್‌ವೇರಿಗೆ ಅವಳಿಗೇ ಪ್ರವೇಶವಿಲ್ಲ! ಕೆಲಸಕ್ಕೆ ನಾಳೆಯಿಂದ ಬರಬೇಡಿ ಅಂತ ಬಾಸ್ ಹೇಳಿ ಕಳಿಸಿದರು. ಅವಳು ಬ್ಯಾಗು ತುಂಬಿಕೊಳ್ಳುವಷ್ಟರಲ್ಲೇ ಮೊಬೈಲ್ ಟಿಣ್ ಅಂದಿತು. ಸಿಬ್ಬಂದಿಗೆಂದು ಕೊಟ್ಟಿದ್ದ ಅವಳ ಖಾತೆಯೂ ಮುಚ್ಚಿತ್ತಲ್ಲ.

'ನಿಮ್ಮನ್ನ ಮರೆತಿಲ್ಲ. ಇವತ್ತೇ ವಾಪಸ್ ಬನ್ನಿ. ಇಂತಿ ನಿಮ್ಮ ಚುಕ್ಕಿ.'

ಅವಳಿಗೆ ನಗು ಬಂತು. ಮರುಕ್ಷಣವೇ ಹೊಳೆಯಿತು, ಬಾಸ್ ಬೇರೆಯವರ ಕೈಲಿ ಎಲ್ಲರಿಗೂ ಕಳಿಸಿಬಿಟ್ಟಿದ್ದಾರೆ. ಇದು ನನಗೇ ಬಂದಿದೆ ಅಂದರೆ... ಆ ಫೋನಿಗೂ...

ಅವನ ಕರೆ ಬಂದೇಬಿಟ್ಟಿತು.

"ಮಾತು ಕೊಟ್ಟಿದ್ರಿ."

"ಒಂದು ನಿಮಿಷ ಕೇಳಿ, ನಾನು..."

"ಅಮ್ಮ ಊಟ ಬಿಟ್ಟು ಟೈಪ್ ಮಾಡ್ತಾ ಕೂತಿದ್ದಾರೆ. ಇನ್ಮೇಲೆ ಈ ಕಡೆ ಬರಬೇಡಿ."

ಕರೆ ಕಟ್. ಮತ್ತೆ ಮಾಡಿದರೆ ಹೋಗಲೇ ಇಲ್ಲ. ಅವಳ ನಂಬರನ್ನೇ ಬ್ಲಾಕ್ ಮಾಡಿದ್ದ.

ಬೇಡ ಅಂದರೂ ಬೆಳಿಗ್ಗೆ ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದಳು. ಅವನು ತಲೆ ಎತ್ತಲಿಲ್ಲ.

"ನಾನು ಕಳಿಸಿಲ್ಲ. ಕಳಿಸಲ್ಲ ಅಂದಿದ್ದಕ್ಕೆ ನನ್ನನ್ನೇ ಹೊರಗೆ ಹಾಕಿದ್ರು," ಅಂದಳು. "ಆದ್ರೆ ಅದನ್ನ ಕಟ್ಟಿದ್ದು ನಾನೇ. ತಪ್ಪಿಲ್ಲ ಅಂತ ಹೇಳೋಕೆ ಬಂದಿಲ್ಲ."

"ಹೇಳಿ ಆಯ್ತಲ್ಲ. ಹೊರಡಿ."

"ಸುಮ್ನಿರೋ ಸಾಕು!"

ಮೂಲೆಯಿಂದ ತಾಯಿಯ ಧ್ವನಿ. ಇಬ್ಬರೂ ತಿರುಗಿದರು.

"ನಿನ್ನ ತಂಗಿ ಬರಲ್ಲ ಅಂತ ನನಗೆ ಗೊತ್ತಿಲ್ವೇನೋ? ಅವಳ ಕಣ್ಣು ಮುಚ್ಚಿದ್ದೇ ಈ ಕೈ. ಮೆಸೇಜು ಮಿಷನ್ನಿಂದ ಬರತ್ತೆ ಅಂತಾನೂ ಗೊತ್ತಿತ್ತು."

"ಮತ್ತೆ ಯಾಕಮ್ಮ ಉತ್ತರ ಕೊಡ್ತಿದ್ದೆ?"

"ಇನ್ನಾರಿಗೆ ಕೊಡಲಿ? ನೀನು ಅವಳ ಫೋಟೋ ತೆಗೆದಿಟ್ಟೆ. ಚಪ್ಪಲಿನೂ ಎತ್ತಿಟ್ಟೆ. ನಾನು ಅವಳ ಹೆಸರು ಎತ್ತಿದ್ರೆ ಎದ್ದು ಹೋಗ್ತೀಯ. ಅವಳೆಲ್ಲಿ, ಯಾವಾಗ ಬರ್ತಾಳೆ ಅಂತ ಕೇಳ್ತಿದ್ದದ್ದು ಅದೊಂದೇ ಕಣೋ..."

ಚುಕ್ಕಿಗೆ ಸಮಾಧಾನವಾಗಲಿಲ್ಲ. ತಾಯಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಗಳನ್ನ ಕಳಕೊಂಡ ಹೆಂಗಸಿಗೆ ಮಾತಾಡಲು ಮಿಷನ್ನು ಬಿಟ್ಟರೆ ಯಾರೂ ಇರಲಿಲ್ಲವಲ್ಲ!

ತಾಯಿ ಎದ್ದು ಒಳಗೆ ಹೋದರು. ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ಅವಳಿಗೆ ಕುದುರೆ ಬಿಡಿಸೋಕೆ ಬರ್ತಿರಲಿಲ್ಲ," ಅಂದ. "ಯಾವಾಗ ಬಿಡಿಸಿದ್ರೂ ನಾಯಿ ಆಗ್ತಿತ್ತು. ನಾನು ರೇಗಿಸ್ತಿದ್ದೆ. ಅದಕ್ಕೇ ಛಲ ಹಿಡಿದು ಕ್ಲಾಸು ಸೇರಿದ್ದು..."

"ಕುದುರೆ ಬಂತಾ?"

"ಇಲ್ಲ." ನಗಲು ಹೋಗಿ ಅತ್ತುಬಿಟ್ಟ. ದೊಡ್ಡ ಗಂಡಸು, ಎಲ್ಲ ಕನ್ನಡಕಗಳ ಎದುರಿಗೆ, ಮುಖ ಕೂಡ ಮುಚ್ಚಿಕೊಳ್ಳದೆ.

ಅವಳು ಪಕ್ಕದಲ್ಲಿ ಕೂತಳು. ಮುಟ್ಟಲು ಧೈರ್ಯವಾಗಲಿಲ್ಲ.

"ನಿಮ್ಮ ಮೇಲೆ ಕೋಪ ಹೋಗಿಲ್ಲ," ಅಂದ ಅವನು.

"ಹೋಗೋದು ಬೇಡ. ನನಗೂ ನನ್ನ ಮೇಲೆ ಇದೆ."

"ಆದ್ರೂ ನಿನ್ನೆ ನಂಬರ್ ಬ್ಲಾಕ್ ಮಾಡಿದ ಮೇಲೆ, ನೀವು ಫೋನ್ ಮಾಡ್ತೀರೇನೋ ಅಂತ ನೋಡ್ತಾನೇ ಕೂತಿದ್ದೆ. ಹುಚ್ಚು ಅಲ್ವಾ? ನೀವು ಅಂದ್ರೆ ನನಗೆ... ತುಂಬಾ ಇಷ್ಟ. ಅದೇ ಕಷ್ಟ ಆಗಿರೋದು."

ಚುಕ್ಕಿಯ ಕಣ್ಣು ಮಂಜಾಯಿತು.

"ನನಗೂ," ಅಂದಳು. "ನಿಮ್ಮ ಕೋಪ ಮುಗಿಯೋವರೆಗೆ ಇಲ್ಲೇ ಕೂತಿರ್ಲಾ?"

ಅವನು ಅವಳ ಕೈ ಹಿಡಿದ. ಹಿಡಿತ ಗಟ್ಟಿಯಾಗಿತ್ತು, ನೋಯುವಷ್ಟು.

"ಮುಗಿದ ಮೇಲೂ ಇರು."

'ಇರಿ' ಅನ್ನಲಿಲ್ಲ ಅವನು. 'ಇರು' ಅಂದ.