ಹಸಿರು ದಾರದ ಗಂಟು

"ಗಾಡಿ ಶುರುವಾಯ್ತಲ್ಲ ಮೇಡಂ. ಏನು ಕಾಯಿಲೆ ಇದಕ್ಕೆ?"

"ನಿಮ್ಮ ಮುಖ ನೋಡಿ ಹೆದರಿ ಶುರುವಾಗಿದೆ. ಮನೆಯಲ್ಲಿ ಹೀಗಿರಲ್ಲ."

"ಹಾಗಾದರೆ ನನ್ನ ಫೋಟೋ ಒಂದು ಕೊಡ್ತೀನಿ. ಶೆಡ್ಡಲ್ಲಿ ತೂಗುಹಾಕಿ."

ನಗಬಾರದೆಂದುಕೊಂಡರೂ ನಕ್ಕುಬಿಟ್ಟೆ. ನಮ್ಮವರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಷ್ಟು ದಿನಗಳಲ್ಲಿ ಅದೇ ನನ್ನ ಮೊದಲ ನಗು. ನಕ್ಕಿದ್ದಕ್ಕೆ ಆ ಸಂಜೆ ದೇವರ ಮುಂದೆ ಕೂತಾಗ ನಾಚಿಕೆಯಾಯಿತು.

ನನಗೆ ಅರವತ್ತೊಂದು. ಹಳೆಯ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟಿ ಕೊಡುವುದು ನನ್ನ ಕಸುಬು. ಹಾಗೆ ನಗಿಸಿದವರು ಕಾರುಗಳ ವೈರಿಂಗ್ ನೋಡುವವರು, ನನಗಿಂತ ಮೂರು ವರ್ಷ ದೊಡ್ಡವರು, ಹೆಂಡತಿಯನ್ನು ಕಳೆದುಕೊಂಡವರು. ಆ ಬೀದಿಯಲ್ಲಿ ಅವರನ್ನು ಎಲ್ಲರೂ ಗಂಟು ಮೇಷ್ಟ್ರು ಎನ್ನುತ್ತಿದ್ದರು. ಬೇರೆಯವರು ವೈರಿಗೆ ಟೇಪು ಸುತ್ತಿದರೆ, ಇವರು ಮೇಣ ಹಚ್ಚಿದ ಹಸಿರು ದಾರದಿಂದ ಕಟ್ಟುತ್ತಿದ್ದರು. ಬೆರಳಗಲಕ್ಕೊಂದು ಗಂಟು, ಕೊನೆಯ ಗಂಟಿನ ಬಾಲ ಒಳಕ್ಕೆ ಮಡಚಿಕೊಂಡು ಮಾಯ.

"ಟೇಪು ಬಿಸಿಗೆ ಅಳುತ್ತೆ ಮೇಡಂ, ದಾರ ಅಳಲ್ಲ" ಎನ್ನುತ್ತಿದ್ದರು.

ಗಾಡಿಯ ಡ್ರಾಯರಿನಲ್ಲಿ ನಮ್ಮವರು ಇಟ್ಟಿದ್ದ ಈ ಮೇಷ್ಟ್ರ ಅಂಗಡಿಯ ಕಾರ್ಡು ಸಿಕ್ಕಿತ್ತು. ಅದನ್ನು ಹಿಡಿದೇ ನಾನು ಅಲ್ಲಿಗೆ ಹೋದದ್ದು.

ಕಾಯಿಲೆ ಇಷ್ಟೇ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಉರಿಯುತ್ತವೆ, ಇಂಜಿನ್ನಿನಿಂದ ಮಾತ್ರ ಉಸಿರಿಲ್ಲ. ಹತ್ತು ಸಲ ಸರಿಯಿದ್ದು ಹನ್ನೊಂದನೇ ಸಲ ಮೌನ. ಬ್ಯಾಟರಿ ಹೊಸದು ಹಾಕಿಸಿದ್ದೆವು, ಸ್ಟಾರ್ಟರ್ ಮೋಟಾರನ್ನೂ ಬದಲಾಯಿಸಿದ್ದೆವು.

"ಯಾವಾಗಿಂದ ಹೀಗೆ?"

"ಹನ್ನೆರಡು ವರ್ಷ ಆಯ್ತು. ಮೊದಲ ನಾಲ್ಕು ವರ್ಷ ಕಾಡಿತು. ಆಮೇಲೆ ಏಳು ವರ್ಷ ತೆಪ್ಪಗಿತ್ತು. ಯಜಮಾನರು ಹೋದ ಮೇಲೆ ಆರು ತಿಂಗಳು ಶೆಡ್ಡಲ್ಲೇ ನಿಂತಿತ್ತಲ್ಲ, ಹೊರಗೆ ತೆಗೆದರೆ ಮತ್ತೆ ಅದೇ ಹಟ."

"ದಿನಾಂಕ ಏನಾದರೂ ನೆನಪಿದೆಯಾ? ಚಳಿಗೋ, ಬಿಸಿಗೋ, ಮಳೆಗೋ ಅಂತ ಗೊತ್ತಾಗಬೇಕು. ಬಂದು ಹೋಗುವ ಕಾಯಿಲೆಗೆ ದಿನಾಂಕವೇ ನಾಡಿ."

ದಿನಾಂಕಗಳು ನನ್ನಲ್ಲಿದ್ದವು. ವರ್ಷಕ್ಕೊಂದು ಡೈರಿಯನ್ನು ನಾನೇ ಹೊಲಿದುಕೊಂಡು, ಸಂಜೆ ಪ್ರಾರ್ಥನೆಯ ನಂತರ ದಿನಕ್ಕೊಂದು ಸಾಲು ಬರೆಯುವುದು ನನ್ನ ರೂಢಿ. ಮುಂದಿನ ಗುರುವಾರ ಒಂದು ಚೀಲ ತುಂಬ ಡೈರಿಗಳನ್ನು ಒಯ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಪುಟಗಳನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"'ಅಕ್ಕನ ಮನೆಗೆ ಹೊರಟೆ. ಗಾಡಿ ಶುರುವಾಗಲಿಲ್ಲ. ದೇವರ ಇಚ್ಛೆ.'" ಪುಟ ತಿರುಗಿಸಿದರು. "'ಅಕ್ಕನ ಜೊತೆ ಅಂಗಡಿಗೆ ಜಾಗ ನೋಡಲು ಹೊರಟೆ. ಶುರುವಾಗಲಿಲ್ಲ.' ಮೇಡಂ, ನಿಮ್ಮ ಗಾಡಿಗೂ ನಿಮ್ಮಕ್ಕನಿಗೂ ಏನು ಜಗಳ?"

"ಗಾಡಿಗಲ್ಲ, ನಮ್ಮವರಿಗೆ. 'ನಿಮ್ಮಕ್ಕ ನಿನ್ನ ತಲೆ ಕೆಡಿಸ್ತಾಳೆ' ಅಂತಿದ್ದರು. ನಾನು ಮನೆಯ ಮೂಲೆ ಬಿಟ್ಟು ಸ್ವಂತ ಅಂಗಡಿ ಇಡಬೇಕು ಅನ್ನೋದು ಅಕ್ಕನ ಹಟ."

"ಇಟ್ಟಿರಾ?"

"ಇಲ್ಲ. ಅಕ್ಕ ಹೋದಳು, ಅದೂ ಹೋಯಿತು."

ಆಮೇಲೆ, ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಏಳು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು. ಅಕ್ಕ ನನ್ನನ್ನು ಕೇಳುತ್ತಿದ್ದಾಳೆ, ಬೇಗ ಬನ್ನಿ ಎಂದರು. ಹಿಂದಿನ ದಿನವೇ ನಾನು ಅವಳನ್ನು ನೋಡಲು ಹೋಗುವೆನೆಂದು ಮನೆಯಲ್ಲಿ ಹೇಳಿದ್ದೆ. ಕಣ್ಣು ಮುಚ್ಚಿ ದೇವರನ್ನು ನೆನೆದು ಕೀ ತಿರುಗಿಸಿದೆ. ಮೌನ. ಮತ್ತೆ ತಿರುಗಿಸಿದೆ. ನಲವತ್ತು ಸಲ ತಿರುಗಿಸಿರಬೇಕು. ನಮ್ಮವರು ಕೆನ್ನೆಯ ಮೇಲೆ ಶೇವಿಂಗ್ ಸೋಪು ಹಾಗೇ ಇಟ್ಟುಕೊಂಡು ಮೆಟ್ಟಿಲ ಮೇಲೆ ಬಂದು ನಿಂತರು. "ಹಳೇ ಗಾಡಿ, ಏನು ಮಾಡೋದು" ಎಂದರು. ನಾನು ಎರಡು ಬಸ್ಸು ಬದಲಾಯಿಸಿ ಹೋದೆ. ಹೋದಾಗ ನರ್ಸು ಹಾಸಿಗೆಯ ಬಟ್ಟೆ ತೆಗೆಯುತ್ತಿದ್ದಳು.

ಮೇಷ್ಟ್ರು ಡೈರಿಯನ್ನು ಮೆಲ್ಲನೆ ಮುಚ್ಚಿದರು. "ಈ ಕಾಯಿಲೆ ಹಿಡಿದೇ ಹಿಡೀತೀನಿ" ಎಂದರು. ಅವರ ಕಣ್ಣು ತುಂಬಿತ್ತು. ನನ್ನ ದುಃಖಕ್ಕೆ ನನ್ನೆದುರು ಒಬ್ಬರ ಕಣ್ಣು ತುಂಬಿದ್ದು ನೋಡಿ ಎಷ್ಟೋ ಕಾಲವಾಗಿತ್ತು.

ಅವತ್ತೇ ಅವರು ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಪುಟ್ಟ ಬಲ್ಬು ಕೂರಿಸಿದರು. "ಕೀ ತಿರುಗಿಸಿದಾಗ ಇದು ಉರಿದೂ ಇಂಜಿನ್ ಸುಮ್ಮನಿದ್ದರೆ ತಪ್ಪು ಮೋಟಾರಿನ ಕಡೆ. ಇದೂ ಉರಿಯದಿದ್ದರೆ ತಪ್ಪು ಈ ಕಡೆ, ಕೀ ಹತ್ತಿರ ಎಲ್ಲೋ. ಹಾಗಾದಾಗ ಏನನ್ನೂ ಮುಟ್ಟಬೇಡಿ. ನನಗೆ ಫೋನ್ ಮಾಡಿ."

ನಾಲ್ಕನೇ ದಿನ ಗಾಡಿ ಕೈಕೊಟ್ಟಿತು. ಬಲ್ಬು ಉರಿಯಲಿಲ್ಲ. ಫೋನ್ ಮಾಡಿದ ಅರ್ಧ ಗಂಟೆಗೆ ಅವರು ನಮ್ಮ ಶೆಡ್ಡಿನಲ್ಲಿದ್ದರು. ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಟಾರ್ಚಿನ ಬೆಳಕು ಅಲ್ಲಿ ಇಲ್ಲಿ ಓಡಾಡಿ ಒಂದೆಡೆ ನಿಂತಿತು. ಬಹಳ ಹೊತ್ತು ನಿಂತಿತು.

"ಏನಾದರೂ ಸಿಕ್ಕಿತಾ?"

ಹೊರಗೆ ಬಂದ ಮುಖ ಬಿಳಿಚಿತ್ತು. "ಇನ್ನೂ ನೋಡಬೇಕು," ಅಂದರು.

ಬೆನ್ನು ಹಿಡಿದುಕೊಂಡಿರಬೇಕೆಂದು ನಾನು ದಿಂಬು ತಂದುಕೊಟ್ಟೆ.

ಆಮೇಲೆ ಐದು ಗುರುವಾರಗಳು. ಪ್ರತಿ ಗುರುವಾರ ಗಾಡಿಯನ್ನು ಅಂಗಡಿಗೆ ಒಯ್ಯುತ್ತಿದ್ದೆ, ಅವರು ಬಾನೆಟ್ ಎತ್ತಿ, ಬ್ಯಾಟರಿಯ ತುದಿ ತಿಕ್ಕಿ, "ಇನ್ನೂ ನೋಡಬೇಕು" ಎನ್ನುತ್ತಿದ್ದರು. ನಾನು ಅವಸರ ಮಾಡಲಿಲ್ಲ. ನಿಜ ಹೇಳುತ್ತೇನೆ, ಸಿಗದಿದ್ದರೆ ಸಾಕು ಎಂದು ಒಳಗೊಳಗೇ ಬೇಡಿಕೊಂಡೆ. ಈ ವಯಸ್ಸಿನಲ್ಲಿ ದೇವರ ಹತ್ತಿರ ಬೇಡಬಹುದಾದದ್ದೇ ಅದು?

ಚಹಾ ಬರುತ್ತಿತ್ತು. ನನ್ನ ಲೋಟಕ್ಕೆ ಸಕ್ಕರೆ ಕಡಿಮೆ ಎಂದು ಅವರಿಗೆ ಎರಡನೇ ವಾರಕ್ಕೇ ಗೊತ್ತಾಗಿತ್ತು. ನಲವತ್ತು ವರ್ಷಗಳಿಂದ ಅವರೇ ಕೈಯಾರೆ ಬರೆದ ವೈರಿಂಗ್ ಚಿತ್ರಗಳ ಪುಸ್ತಕವೊಂದಿತ್ತು, ಹಾಳೆಯೆಲ್ಲ ಕಳಚಿ ಹೋಗಿತ್ತು. ಹೊಲಿದು ಕೊಡುತ್ತೇನೆಂದೆ.

"ನಿಮ್ಮ ದಾರ ಬೇಡ, ನನ್ನ ದಾರದಲ್ಲಿ ಹೊಲಿಯಿರಿ," ಎಂದು ಹಸಿರು ಉಂಡೆಯನ್ನು ಅಂಗೈಗಿಟ್ಟರು. ಇಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

"ಹೊಲಿದ ಮೇಲೆ ಎಷ್ಟು ದಿನಕ್ಕೆ ಸಿಗುತ್ತೆ?"

"ಬೆನ್ನಿಗೆ ಹಚ್ಚಿದ ಗೋಂದು ಒಣಗಬೇಕು. ಒಣಗುವ ಮುಂಚೆ ತೆರೆದರೆ ಪುಸ್ತಕದ ಬೆನ್ನು ಮುರಿಯುತ್ತೆ."

"ಅವಸರವಿಲ್ಲ," ಅಂದರು ನನ್ನನ್ನೇ ನೋಡುತ್ತ. "ನನಗೆ ಯಾವುದಕ್ಕೂ ಅವಸರವಿಲ್ಲ."

ಆ ಪುಸ್ತಕವನ್ನು ನಾನು ಮೂರು ದಿನ ಹೊಲಿದೆ. ಅವರ ಗಂಟನ್ನು ಅವರ ಹಾಗೆಯೇ ಹಾಕಲು ಕಲಿತೆ, ಬಾಲ ಒಳಕ್ಕೆ ಮಡಚಿ.

ಐದನೇ ಗುರುವಾರ ಅವರು ಚಹಾ ಹೇಳಲು ಎದುರಿನ ಅಂಗಡಿಗೆ ಹೋಗಿದ್ದರು. ನಾನು ಗಾಡಿಯೊಳಗೆ ಕೂತು ಚೀಲ ತೆರೆದೆ. ಹೊಲಿಯುವಾಗ ಬೆರಳಿಗೆ ಹಾಕುವ ನನ್ನ ತಗಡಿನ ಟೋಪಿ ಜಾರಿ ಕಾಲಡಿಗೆ ಉರುಳಿತು. ಸೀಟಿನ ಮೇಲಿದ್ದ ಅವರ ಟಾರ್ಚು ಹಿಡಿದು ಬಗ್ಗಿದೆ.

ಡ್ಯಾಶ್‌ಬೋರ್ಡಿನ ಕೆಳಗೆ, ಸಿಗರೇಟಿನ ಬೂದಿತಟ್ಟೆಯ ಹಿಂದೆ, ಒಂದು ಪುಟ್ಟ ಸ್ವಿಚ್ಚು. ತುಕ್ಕು ಹಿಡಿದಿತ್ತು. ಅದರಿಂದ ಹೊರಟ ಎರಡು ವೈರುಗಳನ್ನು ಒಟ್ಟಿಗೆ ಕಟ್ಟಲಾಗಿತ್ತು. ಧೂಳಿಗೆ ಬಣ್ಣ ಮಾಸಿದ ಹಸಿರು ದಾರ. ಬೆರಳಗಲಕ್ಕೊಂದು ಗಂಟು. ಕೊನೆಯ ಗಂಟಿನ ಬಾಲ ಒಳಕ್ಕೆ ಮಡಚಿಕೊಂಡು ಮಾಯ.

ಅವರು ಎರಡು ಲೋಟ ಹಿಡಿದು ಬಂದರು. ನನ್ನ ಕೈಯಲ್ಲಿ ಟಾರ್ಚು ನೋಡಿ ಅಲ್ಲೇ ನಿಂತರು.

"ಇದೇನು ಮೇಷ್ಟ್ರೇ?"

ಅವರು ಲೋಟಗಳನ್ನು ಕೆಲಸದ ಮೇಜಿನ ಮೇಲಿಟ್ಟರು. "ಕಳ್ಳರಿಗೆ ಗಾಡಿ ಸಿಗದಿರಲಿ ಅಂತ ಹಾಕೋ ಸ್ವಿಚ್ಚು. ಅದನ್ನು ಆಫ್ ಮಾಡಿದರೆ ಕೀ ತಿರುಗಿಸಿದರೂ ಇಂಜಿನ್ ಏಳಲ್ಲ. ಈಗ ತುಕ್ಕು ಹಿಡಿದು ತಾನಾಗೇ ಬಿಟ್ಟುಬಿಟ್ಟು ಕೈಕೊಡ್ತಿದೆ."

"ಯಾರು ಹಾಕಿದ್ದು?"

"ನಾನು. ಹನ್ನೆರಡು ವರ್ಷದ ಹಿಂದೆ. ನಿಮ್ಮ ಯಜಮಾನರು ಬಂದು ಹಾಕಿಸಿಕೊಂಡರು. ಕಳ್ಳತನದ ಭಯ ಅಂದರು. 'ಮನೆಯಾಕೆಗೆ ಹೇಳಬೇಡಿ, ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲಲ್ಲ' ಅಂದರು." ಅಂಗೈಯನ್ನು ಅಂಗಿಗೆ ಒರೆಸಿಕೊಂಡು, "ನಾನು ನಕ್ಕೆ" ಎಂದರು.

ನನಗೆ ಆಗ ಡೈರಿಗಳು ನೆನಪಾದವು. ಅಕ್ಕನ ಮನೆಗೆ ಹೊರಟ ದಿನಗಳು. ಅಕ್ಕ ಸತ್ತ ಮೇಲೆ ಏಳು ವರ್ಷ ಗಾಡಿ ಒಮ್ಮೆಯೂ ಹಟ ಹಿಡಿದಿರಲಿಲ್ಲ. ಗಾಡಿಗೂ ದುಃಖವಾಗಿದೆಯೇನೋ ಎಂದು ನಾನು ಬರೆದುಕೊಂಡಿದ್ದೆ. ಆ ಏಳು ವರ್ಷ ನಮ್ಮವರು ನನ್ನನ್ನು ಎಲ್ಲಿಗೆ ಬೇಕಾದರೂ ತಾವೇ ಕರೆದೊಯ್ದರು, ರಸ್ತೆ ದಾಟುವಾಗ ಕೈ ಹಿಡಿದರು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇದ್ದೀತು. ಕೇಳೋಣವೆಂದರೆ ಆತ ಇಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ಆವತ್ತೇ. ನಿಮ್ಮ ಶೆಡ್ಡಲ್ಲಿ ನನ್ನ ಗಂಟು ನೋಡಿದಾಗ."

"ಐದು ವಾರ."

"ಐದು ವಾರ," ಎಂದರು. "ಕಿತ್ತು ಬಿಸಾಡಿ, ಸರಿಯಾಯ್ತು ಅನ್ನಬಹುದಿತ್ತು. ಕೈ ಬರಲಿಲ್ಲ, ಅದು ಎರಡನೇ ಮೋಸ ಆಗ್ತಿತ್ತು. ಹೇಳಿದರೆ ನೀವು ಮತ್ತೆ ಬರಲ್ಲ. ಗುರುವಾರ ಬಂತು ಅಂದರೆ ಬೆಳಿಗ್ಗೆಯೇ ಶೇವ್ ಮಾಡಿಕೊಂಡು ಕೂರೋ ಹಾಗಾಗಿತ್ತು ನನಗೆ. ಅಷ್ಟು ಆಸೆ ಇಟ್ಟುಕೊಂಡುಬಿಟ್ಟೆ ನಿಮ್ಮ ಮೇಲೆ."

ಈ ಮಾತಿಗಾಗಿ ನಾನು ಐದು ವಾರ ಕಾದಿದ್ದೆ. ಬಂದದ್ದು ಹೀಗೆ.

"ನಮ್ಮವರು ಗುಟ್ಟು ಮುಚ್ಚಿಟ್ಟರು, ನೀವು ಅದನ್ನು ಕಾದಿರಿ. ಇಬ್ಬರೂ ಪ್ರೀತಿಗೇ ಮಾಡಿದ್ದು ಅಂತೀರಿ," ಎಂದೆ. "ಆ ಸ್ವಿಚ್ಚನ್ನು ಕತ್ತರಿಸಿ."

ಅವರು ಕತ್ತರಿಸಿದರು. ವೈರುಗಳನ್ನು ನೇರವಾಗಿ ಸೇರಿಸಿ, ಅಭ್ಯಾಸದಂತೆ ದಾರಕ್ಕೆ ಕೈ ಹಾಕಿ, ನನ್ನ ಮುಖ ನೋಡಿ, ಟೇಪು ಸುತ್ತಿದರು.

"ಗಾಡಿಯಲ್ಲಿ ಕೂತುಕೊಳ್ಳಿ," ಎಂದೆ.

ನಾನು ಮೊದಲು ಮನೆಗೆ ಹೋಗಿ, ಗೇಟಿನ ಮುಂದೆ ಗಡಿಯಾರ ನೋಡಿ, ಅಲ್ಲಿಂದ ಆಸ್ಪತ್ರೆಗೆ ಹೊರಟೆ. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದೆ.

"ಹತ್ತೊಂಬತ್ತು ನಿಮಿಷ," ಎಂದೆ. "ಅಕ್ಕ ಒಂದು ಗಂಟೆ ಕಾದಳಂತೆ."

ಅವರು ಮುಖ ಮುಚ್ಚಿಕೊಂಡರು.

ನಾನು ಸ್ಟಿಯರಿಂಗಿಗೆ ಹಣೆ ಇಟ್ಟೆ. ದೇವರೇ, ಎಂಟು ವರ್ಷ ಈ ಪಾಪವನ್ನು ನಿನ್ನ ತಲೆಗೆ ಕಟ್ಟಿದ್ದೆ. ನಿನ್ನ ಇಚ್ಛೆ ಎಂದು ಬರೆದೆ, ನಿನ್ನ ಇಚ್ಛೆ ಎಂದು ನುಂಗಿದೆ. ಕ್ಷಮಿಸು. ನೀನಲ್ಲ ಎಂದು ಗೊತ್ತಾಗಿ ನಿನ್ನ ಎದುರು ಕೂರಲು ಈಗ ಧೈರ್ಯ ಬಂದಿದೆ. ಇನ್ನುಳಿದವರ ವಿಷಯ ನಿಧಾನವಾಗಿ ಹೇಳುತ್ತೇನೆ.

"ಇಳೀಲಾ?" ಎಂದರು ಅವರು.

"ಇಳೀರಿ. ಎದುರುಗಡೆ ಬಸ್ಸು ಸಿಗುತ್ತೆ. ಎರಡು ಬಸ್ಸು ಬದಲಾಯಿಸಬೇಕು."

ಇಳಿದು, ಬಾಗಿಲು ಹಾಕಿ, ಕಿಟಕಿಗೆ ಬಗ್ಗಿದರು. "ನನ್ನ ಪುಸ್ತಕ?"

"ಗೋಂದು ಒಣಗಿಲ್ಲ."

"ಒಣಗುತ್ತಾ?"

ಕೀ ತಿರುಗಿಸಿದೆ. ಒಂದೇ ಸಲಕ್ಕೆ ಶುರುವಾಯಿತು. ಕನ್ನಡಿಯಲ್ಲಿ ಅವರು ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತಿದ್ದು ತಿರುವಿನ ತನಕ ಕಾಣುತ್ತಿತ್ತು.

ಮನೆಗೆ ಬಂದು, ಕತ್ತರಿ ಹಿಡಿದು, ಅವರ ಪುಸ್ತಕವನ್ನು ಒಣಗಲು ಒತ್ತಿಟ್ಟಿದ್ದ ಪ್ರೆಸ್ಸಿನ ಮುಂದೆ ನಿಂತೆ. ಆ ಹಸಿರು ಹೊಲಿಗೆಯನ್ನೆಲ್ಲ ಬಿಚ್ಚಿ, ಹಾಳೆಗಳನ್ನು ಹಾಗೇ ಕಟ್ಟಿ ಕಳಿಸಿಬಿಡುವುದು ಕಾಲು ಗಂಟೆಯ ಕೆಲಸ. ಪುಸ್ತಕದ ಬೆನ್ನಿಗೆ ಹೆಬ್ಬೆರಳು ಒತ್ತಿ ನೋಡಿದೆ. ತಣ್ಣಗಿತ್ತು, ಇನ್ನೂ ಹಸಿ.

ಕತ್ತರಿಯನ್ನು ಅದರ ಮೊಳೆಗೆ ತೂಗುಹಾಕಿ, ಪ್ರೆಸ್ಸಿನ ತಿರುಪನ್ನು ಅರ್ಧ ಸುತ್ತು ಬಿಗಿಮಾಡಿದೆ.