ವಾಪಸ್ ಬಂದ ಮದುವೆ ಡಿಸ್ಕ್

"ಇದನ್ನ ವಾಪಸ್ ತಗೋರಿ!"

ಸಿದ್ಧೇಶ್ವರ ಗುಡಿ ಹತ್ತಿರದ ಸ್ಟುಡಿಯೋದಲ್ಲಿ ನಸ್ರೀನ ಅಕ್ಕನ ಮದುವೆಯ ಡಿವಿಡಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. ತನ್ನೂರು ತಿಕೋಟಾದಿಂದ ಬಸ್ಸಿನಲ್ಲಿ ನಿಂತೇ ಬಂದ ಸಿಟ್ಟು ಬೇರೆ!

ವಿಡಿಯೋ ತೆಗೆದಿದ್ದ ಆಫ್ತಾಬನ ಮುಖ ಬಾಡಿತು.

"ಎಲ್ಲಾರೂ... ನೋಡೀರೇನ್ರಿ?"

"ಅಬ್ಬಾ, ಅಮ್ಮಿ, ಓಣಿ ಮಂದಿ, ಎಲ್ಲಾ ಕೂತು ನೋಡೀವಿ. ನಗೆಪಾಟಲಾತು!"

"ಮಾಫ್ ಮಾಡ್ರಿ... ಇನ್ನ ನಿಮ್ಮ ಮನೀ ಕಡೆ ಬರಂಗಿಲ್ಲ."

ನಸ್ರೀನ ಕಕ್ಕಾಬಿಕ್ಕಿಯಾದಳು. ಒಂದು ಡಿಸ್ಕ್ ಕೆಟ್ಟಿದ್ದಕ್ಕೆ ಇಷ್ಟೊಂದಾ? ಅದನ್ನು ಯಾರ ಕೈಲಾದರೂ ಕಳಿಸಬಹುದಿತ್ತು. ಇವನನ್ನು ಇನ್ನೊಮ್ಮೆ ನೋಡಲೆಂದೇ ತಾನೇ ಬಂದಿದ್ದಳು, ಆ ಗುಟ್ಟು ಅವಳ ಹೊಟ್ಟೆಯಲ್ಲೇ ಇತ್ತು!

'ಇನ್ನು ಬರುವುದೇ ಇಲ್ಲವಂತೆ...'

"ಅಲ್ರೀ, ಡಿಸ್ಕ್ ನಿಂತ್ರ ನಮ್ಮ ಮನೀಗಿ ಬರೂದು ಯಾಕ ಬಿಡ್ತೀರಿ?"

"ನಿಂತ್ರ? ಎಲ್ಲಿ ನಿಂತೈತಿ?"

"ಅಕ್ಕನ್ನ ಕಳಿಸಿಕೊಡೂ ಮುಂದ ಚಿತ್ರ ಚೂರುಚೂರಾಗಿ ನಿಂತಬಿಡ್ತು. ಮುಂದಿಂದು ಯಾರೂ ನೋಡಿಲ್ಲ!"

ಆಫ್ತಾಬ ಕುರ್ಚಿಯಲ್ಲಿ ಕುಸಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ.

"ನಿಮ್ಮ ಪ್ಲೇಯರ್ ಹಳೇದೇನ್ರಿ?"

"ಭಾಳ ಹಳೇದು."

"ಅವಸರಕ್ಕ ಹದಿನಾರು ಪಟ್ಟು ಸ್ಪೀಡಿನ್ಯಾಗ ಡಿಸ್ಕಿಗೆ ತುಂಬಿದ್ನಿ. ನನ್ನ ಕಂಪ್ಯೂಟರ್ ಓದ್ತೈತಿ, ಹಳೇ ಪ್ಲೇಯರಿಗೆ ಕಡೀ ಭಾಗ ಓದಾಕ ಬರಂಗಿಲ್ಲ. ನಾಲ್ಕರ ಸ್ಪೀಡಿನ್ಯಾಗ ನಿಧಾನ ಮಾಡಿಕೊಡ್ತೀನಿ... ಆ ಕಡೀದು ತಗದು."

"ಯಾಕ ತಗೀತೀರಿ? ಮೊದ್ಲ ತೋರಸ್ರಿ!"

ಅವನು ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಕಡೆಯ ಭಾಗಕ್ಕೆ ಓಡಿಸಿದ. ಪರದೆಯ ಮೇಲೆ ಆಫ್ತಾಬನ ತಾಯಿ ಸಕೀನಾ ಸೆರಗು ತಲೆಗೆಳೆದುಕೊಂಡು ಕೂತಿದ್ದರು.

"ನಮ್ಮ ಆಫ್ತಾಬಗ ನಿಮ್ಮ ನಸ್ರೀನನ್ನ ಕೊಡ್ತೀರೇನ್ರಿ? ಎದುರಿಗೆ ಇಲ್ಲ ಅನ್ನೂದು ನಿಮಗೂ ಕಷ್ಟ. ಮನಸಿಲ್ಲಂದ್ರ ಈ ಡಿಸ್ಕ್ ವಾಪಸ್ ಕಳಸ್ರಿ, ಸಾಕು. ನಮಗ ಬ್ಯಾಸರಿಲ್ಲ."

ಅಯ್ಯೋ... ತಾನು ತಂದು ಕುಕ್ಕಿದ್ದು ಅದನ್ನೇ! ನಸ್ರೀನಳ ಕಣ್ಣು ತುಂಬಿ ಬಂತು.

"ಬ್ಯಾಡ ಅನ್ನಾಕ ಬಂದಿಲ್ರಿ... ಸರಿ ಮಾಡ್ಸಾಕ ಬಂದೀನಿ."

ಆಫ್ತಾಬ ಹೊಸ ಡಿಸ್ಕ್ ತೆಗೆದ.

"ಹಂಗಾರ ನಮ್ಮ ಅಮ್ಮಿ ಮಾತು... ಇರಲೇನ್ರಿ?"

"ಇರಲಿ. ಅಬ್ಬಾ ನೋಡಬೇಕು."

ಯಂತ್ರ ನಿಧಾನವಾಗಿ ತಿರುಗತೊಡಗಿತು. ಬಸ್ಸು ತಪ್ಪುತ್ತದೆಂದು ಗೊತ್ತಿದ್ದೂ ಅವಳು ಸ್ಟೂಲು ಎಳೆದುಕೊಂಡು ಕೂತಳು.

"ನಿಮ್ಮ ಅಬ್ಬಾ ಒಲ್ಲೆ ಅಂದ್ರ?" ಅವನ ದನಿ ಸಣ್ಣದಾಯಿತು.

"ಡಿಸ್ಕ್ ವಾಪಸ್ ತರಾಕ ನಾನ ಬರಬೇಕಲ್ರಿ..." ನಸ್ರೀನ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ನಾ ತರಂಗಿಲ್ಲ!"